ನಮ್ಮ ಚೇರ್ಮನ್ನರಿಗೆ ಮೂತ್ರ ಕಟ್ಟಿದ್ದು

ಜೀವಮಾತ್ರದ ಸಕಲ ಸುಖಗಳೂ ಕೊನೆಗೆ ಒಂದೇ ಸುಖದ ಮೇಲೆ ನಿಂತಿವೆ. ಅದು ಸರಾಗವಾಗಿ ಮೂತ್ರ ಹೋಗುವ ಸುಖ. ವಿದ್ಯೆ, ಅಧಿಕಾರ, ಕೀರ್ತಿ ಎಲ್ಲವೂ ಅದರ ನಂತರದ ಮಾತು. ಈ ತತ್ತ್ವವನ್ನು ನಾನು ಯಾವ ಗುರುಗಳ ಪಾದದ ಬಳಿ ಕೂತೂ ಕಲಿಯಲಿಲ್ಲ. ಪಕ್ಕದ ಸೈಟಿನವರು ತಂದು ಸುರಿದಿದ್ದ ಎಂ-ಸ್ಯಾಂಡ್ ರಾಶಿಯ ಮೇಲೆ ಒಂದು ಬೆಕ್ಕು ಕೂತು ತಿಣುಕುತ್ತಿರುವುದನ್ನು ನೋಡಿ ಕಲಿತೆ.

ಬೆಕ್ಕಿನ ಹೆಸರು ಚೇರ್ಮನ್. ಹೆಸರಿಟ್ಟವಳು ನಮ್ಮವ್ವ. ಅಲ್ಲಾಳಸಂದ್ರ ಇನ್ನೂ ಹಳ್ಳಿಯಾಗಿದ್ದಾಗ ಪಂಚಾಯ್ತಿ ಚೇರ್ಮನ್ನರೊಬ್ಬರು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರಂತೆ. ಎರಡು ಲೋಟ ಕಾಫಿ ಕುಡಿದು, ಯಾವ ಕೆಲಸವನ್ನೂ ಮಾಡಿಕೊಡದೆ, ಮನೆಯವರನ್ನೇ ಒಂದು ಬಗೆಯ ಅನುಮಾನದಿಂದ ನೋಡಿ ಎದ್ದು ಹೋಗುವುದು ಅವರ ಪದ್ಧತಿ. ಕೆರೆಯ ಕಡೆಯಿಂದ ಬಂದ ಈ ಕಪ್ಪು ಬಿಳಿ ಗಂಡುಬೆಕ್ಕು ಕಾಫಿಯ ಬದಲು ಹಾಲು ಕುಡಿಯಿತು ಅನ್ನುವುದನ್ನು ಬಿಟ್ಟರೆ ಮಿಕ್ಕಿದ್ದರಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಅದರ ಒಂದು ಕಿವಿಯ ತುದಿ ಕತ್ತರಿಸಿದ್ದರು. ಯಾರೋ ಪುಣ್ಯಾತ್ಮರು ಬೀದಿಯ ಬೆಕ್ಕುಗಳನ್ನು ಹಿಡಿದು ಸಂತಾನಹರಣ ಮಾಡಿಸಿ ಗುರುತಿಗೆ ಹಾಗೆ ಮಾಡುತ್ತಾರಂತೆ. ಸಂಸಾರದ ಜಂಜಾಟ ಕಳೆದುಕೊಂಡ ಆ ಜೀವ ನಮ್ಮ ಮನೆಯಲ್ಲಿ ನಿಂತುಹೋಯಿತು. ಮನೆಯಲ್ಲಿ ನಾವು ಮೂವರು: ಅವ್ವ, ನನ್ನ ಹೆಂಡತಿ ನಾಗರತ್ನ, ಕಾರ್ಖಾನೆಯ ಸ್ಟೋರ್ಸ್ ವಿಭಾಗದಿಂದ ನಿವೃತ್ತನಾದ ನಾನು. ಮೇಲಿನ ಎರಡು ಅಂತಸ್ತುಗಳಲ್ಲಿ ಬಾಡಿಗೆಯವರು. ಆಡಳಿತ ಯಾರದು ಅನ್ನುವುದನ್ನು ಬೆಕ್ಕಿನ ಹೆಸರೇ ಹೇಳುತ್ತದೆ.

ಇದನ್ನು ಬರೆಯುವುದಕ್ಕೆ ಒಂದೇ ಕಾರಣ. ಈ ಹೊತ್ತು ಯಾರದೋ ಮನೆಯಲ್ಲಿ ಒಂದು ಗಂಡುಬೆಕ್ಕು ಪದೇ ಪದೇ ಹೋಗಿ ಕೂತು, ಏನೂ ಆಗದೆ ಎದ್ದು ಬರುತ್ತಿರಬಹುದು. ಆ ಮನೆಯವರು ಹಿತ್ತಲಲ್ಲಿ ನಿಂತು ನಮ್ಮ ಹಾಗೆಯೇ ವಿದ್ವತ್ ಚರ್ಚೆ ಮಾಡುತ್ತಿರಬಹುದು. ಅವರಿಗೆ ನಾನು ಹೇಳುವುದು ಇಷ್ಟೇ. ಚರ್ಚೆ ನಿಲ್ಲಿಸಿ. ಇವತ್ತೇ ಆಸ್ಪತ್ರೆಗೆ ಹೊರಡಿ.

ನಾವು ಹೊರಡಲಿಲ್ಲ. ಬೆಳಗ್ಗೆ ಚೇರ್ಮನ್ನರು ಮರಳ ರಾಶಿಗೆ ಹೋದರು, ಬಂದರು, ಮತ್ತೆ ಹೋದರು. ಕೆರೆದು, ಕೂತು, ಬಾಲ ನಡುಗಿಸಿ, ಏನನ್ನೋ ನೆನಪಿಸಿಕೊಳ್ಳಲು ಯತ್ನಿಸುವವರ ಮುಖ ಮಾಡಿಕೊಂಡು ಎದ್ದು ಬಂದರು. ನಾಗರತ್ನ ಬಟ್ಟೆ ಒಣಹಾಕುತ್ತಾ ನೋಡಿದಳು.

"ರೀ, ಇದ್ಯಾಕೋ ಸುಮ್ನೆ ಓಡಾಡ್ತಿದೆ ಬೆಳಗ್ಗೆಯಿಂದ. ಕೂರುತ್ತೆ, ಏನೂ ಆಗ್ತಿಲ್ಲ."

ಒಳಗಿನಿಂದ ಅವ್ವ ತೀರ್ಪು ಕೊಟ್ಟಳು. "ಒಟ್ಟೆ ಕಟ್ಕಂಡೈತೆ ಕಣೆ. ಅರಳೆಣ್ಣೆ ಕುಡ್ಸಿ, ಅರ್ಧ ಗಳಿಗೆಲಿ ಸರ್ ಓಯ್ತದೆ."

ನಮ್ಮ ಮನೆಯಲ್ಲಿ ಹರಳೆಣ್ಣೆಯ ವಿರುದ್ಧ ಮೇಲ್ಮನವಿ ಇಲ್ಲ. ಹಳೆಯ ದುಪ್ಪಟಿಯಲ್ಲಿ ಬೆಕ್ಕನ್ನು ಸುತ್ತಿ, ಮೂವರೂ ಹಿಡಿದು, ಒಂದು ಚಮಚ ಎಣ್ಣೆಯನ್ನು ವಿನಿಯೋಗ ಮಾಡಿದೆವು. ಅದರಲ್ಲಿ ಹೆಚ್ಚು ಪಾಲು ನನ್ನ ಅಂಗಿಗೆ, ಸ್ವಲ್ಪ ಗೋಡೆಗೆ, ಉಳಿದದ್ದು ರೋಗಿಗೆ ಸಂದಿತು. ರೋಗಿ ನನ್ನ ಮೊಣಕೈ ಪರಚಿ ಬಚ್ಚಲುಮನೆ ಸೇರಿಕೊಂಡರು.

ಊಟದ ಹೊತ್ತಿಗೆ ಬಚ್ಚಲಿಂದ ಒಂದು ಕೂಗು ಬಂತು. ಬೆಕ್ಕಿನ ಕೂಗು ನಮಗೆ ಹೊಸದಲ್ಲ. ಹಸಿವಿನದು, ಜಗಳದ್ದು, ಬಾಗಿಲು ತೆಗೆಯಿರಿ ಅನ್ನುವ ದರ್ಪದ್ದು ಎಲ್ಲ ಗೊತ್ತು. ಇದು ಬೇರೆ. ದರ್ಪ ಪೂರ್ತಿ ಇಳಿದುಹೋದ, ಗಂಟಲಿನ ತಳದಿಂದ ಬರುವ ಒಂದು ಉದ್ದನೆಯ ರಾಗ. ಹೋಗಿ ನೋಡಿದರೆ ನೀರು ಹೋಗುವ ತೂಬಿನ ಪಕ್ಕ ಮುದುರಿ ಕೂತಿದೆ. ಎದುರಿಗೆ ವಾಂತಿ. ಕೂತಲ್ಲೇ ತಿಣುಕುತ್ತಿದೆ.

ನಾನೂ ನಾಗರತ್ನಳೂ ಏನೂ ತೋಚದೆ ನಿಂತಿದ್ದಾಗ ಅವ್ವ ಗೋಡೆ ಹಿಡಿದುಕೊಂಡು ಬಂದಳು. ಒಂದು ಗಳಿಗೆ ನೋಡಿದಳು. ಕೈ ಚಾಚಿ ನಲ್ಲಿಯನ್ನು ಸಣ್ಣಗೆ ತಿರುಗಿಸಿದಳು. ನೀರು ಸುರ್ ಎಂದು ಬಕೆಟ್ಟಿಗೆ ಬೀಳತೊಡಗಿತು.

ನನಗೆ ಎಲ್ಲ ತಿಳಿದುಹೋಯಿತು. ಅಪ್ಪನ ಕೊನೆಯ ವರ್ಷಗಳಲ್ಲಿ ಇದೇ ಬಚ್ಚಲಲ್ಲಿ ಅಪ್ಪ ಗೋಡೆಗೆ ಹಣೆ ಒತ್ತಿ ನಿಂತಿರುತ್ತಿದ್ದರು. ಹರಿಯುವ ನೀರಿನ ಸದ್ದಿಗಾದರೂ ಬರಲಿ ಎಂದು ಅವ್ವ ನಲ್ಲಿ ಬಿಡುತ್ತಿದ್ದಳು. ಹೊರಗೆ ನಿಂತು ಆಗಾಗ ಕೇಳುತ್ತಿದ್ದಳು, "ಬಂತಾ?" ಒಳಗಿಂದ ಒಮ್ಮೊಮ್ಮೆ ಉತ್ತರ ಬರುತ್ತಿತ್ತು, ಒಮ್ಮೊಮ್ಮೆ ಇಲ್ಲ. ಕೊನೆಕೊನೆಗೆ ಅಪ್ಪನ ಪಕ್ಕದಲ್ಲಿ ಒಂದು ಚೀಲ ನೇತಾಡುತ್ತಿತ್ತು. ಆಗ ಕೇಳುವ ಅಗತ್ಯವಿರಲಿಲ್ಲ, ನೋಡಿದರೆ ಸಾಕಿತ್ತು.

"ಇದು ಒಟ್ಟೆ ಅಲ್ಲ ಕಣ್ಲಾ ಕಿಟ್ಟ," ಅಂದಳು ಅವ್ವ. "ಉಚ್ಚೆ ಕಟ್ಟೈತೆ. ಎತ್ಕಂಡ್ ಓಡು."

ಟೊಮೆಟೊ ತರುವ ಎರಡು ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಬೋರಲು ಹಾಕಿ ಹಗ್ಗ ಬಿಗಿದು ಪಲ್ಲಕ್ಕಿ ತಯಾರಾಯಿತು. ಆಟೋದವನಿಗೆ ಬ್ಯಾಟರಾಯನಪುರದ ಪ್ರಾಣಿಗಳ ಕ್ಲಿನಿಕ್ ಅಂದೆವು. ಸರ್ವಿಸ್ ರೋಡಿನಲ್ಲಿ ಎಂದಿನಂತೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಕ್ರೇಟಿನಿಂದ ಆ ರಾಗ ಬರುತ್ತಲೇ ಇತ್ತು.

ಆಟೋದವನು ಕನ್ನಡಿಯಲ್ಲಿ ನೋಡಿದ. "ಏನ್ ಸಾರ್ ಅದು, ಕೋಳಿನಾ?"

"ಬೆಕ್ಕಪ್ಪ. ಉಚ್ಚೆ ಕಟ್ಟಿದೆ."

"ಅಯ್ಯೋ ಗುರುವೇ!" ಅಂದ. ಸುತ್ತಲಿನ ಗಾಡಿಗಳನ್ನು ನೋಡಿ, "ಇಲ್ಲೂ ಅದೇ ಕೇಸು ಸಾರ್. ಮುಂದಕ್ಕೆ ಹೋಗ್ತಿಲ್ಲ," ಅಂದ. ಆಮೇಲೆ ಅವನಿಗೇ ಅದು ಸರಿ ಕಾಣಲಿಲ್ಲವೇನೋ, ಯಾವುದೋ ಲೇಔಟಿನ ಸಂದಿಗೆ ನುಗ್ಗಿಸಿ, ಎದುರಿಗೆ ಬಂದವರ ಕೈಲೆಲ್ಲ ಬೈಸಿಕೊಂಡು, ನಮ್ಮನ್ನು ತಲುಪಿಸಿದ. ಇಂಥ ಸಣ್ಣ ಉಪಕಾರಗಳನ್ನು ನಾನು ಮರೆತಿಲ್ಲ.

ಪ್ರಾಣಿಗಳ ಆಸ್ಪತ್ರೆಯ ಕಾಯುವ ಕೋಣೆ ಮನುಷ್ಯರದ್ದಕ್ಕಿಂತ ಮರ್ಯಾದಸ್ಥ ಜಾಗ. ಅಲ್ಲಿ ಯಾರೂ ಯಾರ ಸಂಬಳ ಎಷ್ಟು ಎಂದು ಕೇಳುವುದಿಲ್ಲ. ಎಲ್ಲರೂ ಒಂದೇ ಮಾತು ಕೇಳುತ್ತಾರೆ, "ನಿಮ್ದಕ್ಕೆ ಏನಾಗಿದೆ?" ನನ್ನ ಪಕ್ಕ ಕೂತಿದ್ದವರು ಆರ್.ಟಿ. ನಗರದ ಶಾಹೀನ ಎಂಬ ಹೆಂಗಸು. ಮಡಿಲಲ್ಲಿ ಹತ್ತಿಯ ಮೂಟೆಯಂಥ ಒಂದು ಪರ್ಷಿಯನ್ ಬೆಕ್ಕು, ಹೆಸರು ನವಾಬ್. ನವಾಬರೂ ಚೇರ್ಮನ್ನರೂ ಒಂದೇ ಬಾಧೆಗೆ ಬಂದಿದ್ದರು. ಆಳುವ ವರ್ಗಕ್ಕೆ ಈ ಕಾಯಿಲೆ ಹೆಚ್ಚೇನೋ ಎಂಬ ಶಂಕೆ ನನಗೆ ಅವತ್ತೇ ಬಂತು.

"ನಮ್ದು ನವಾಬಂದು ಎರಡ್ ಸಲ ಆಗಿದೆ ಭಾಯ್," ಅಂದರು ಆಕೆ. "ಈಗ ಚೆಕಪ್‌ಗೆ ಬಂದಿರೋದು. ಫಸ್ಟ್ ಟೈಮ್ ನಾನೂ ನಿಮ್ ಥರಾನೇ ಅಳ್ತಾ ಕೂತಿದ್ದೆ ಇಲ್ಲೇ."

"ನಾನು ಅಳ್ತಿಲ್ಲಮ್ಮ."

"ಹೌದೌದು. ತಗೊಳ್ಳಿ, ಚಾಯ್ ಕುಡೀರಿ," ಎಂದು ಫ್ಲಾಸ್ಕಿನ ಮುಚ್ಚಳದಲ್ಲಿ ಸುರಿದುಕೊಟ್ಟರು. ನಾಗರತ್ನ ಬೇರೆ ಕಡೆ ನೋಡಿದಳು. ನಾನು ಕುಡಿದೆ.

ಒಳಗಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕ್ರೇಟನ್ನು ನೋಡಿ ನಗಲಿಲ್ಲ. ಆ ಒಂದು ಕಾರಣಕ್ಕೇ ನನಗೆ ಅವರಲ್ಲಿ ನಂಬಿಕೆ ಬಂತು. "ಅಂಕಲ್, ಲಾಸ್ಟ್ ಯೂರಿನ್ ಪಾಸ್ ಮಾಡಿದ್ದು ಯಾವಾಗ ನೋಡಿದ್ರಿ?" ಅಂದರು. ಒಂದೇ ಒಂದು ನಟ್ಟು ಬೋಲ್ಟು ಆಚೀಚೆ ಆಗದಂತೆ ಕಾರ್ಖಾನೆಯ ಸ್ಟೋರ್ಸನ್ನು ಕಾದವನು ನಾನು. ಎದುರಿಗೇ ಇದ್ದ ಮರಳ ರಾಶಿಯಲ್ಲಿ ಏನು ಜಮೆಯಾಗುತ್ತಿದೆ, ಏನು ಆಗುತ್ತಿಲ್ಲ ಎಂದು ಒಂದು ದಿನವೂ ನೋಡಿರಲಿಲ್ಲ. ತಲೆ ತಗ್ಗಿಸಿದೆ.

ಅವರು ನನ್ನ ಬೆರಳು ಹಿಡಿದು ಬೆಕ್ಕಿನ ಹೊಟ್ಟೆಯ ಕೆಳಭಾಗದ ಮೇಲೆ ಮೆಲ್ಲಗೆ ಇಟ್ಟರು. ಒಳಗೆ ಗಟ್ಟಿ ಸೀಬೆಕಾಯಿಯಂಥದ್ದು ಒಂದು ಸಿಕ್ಕಿತು. ಅದು ಮೂತ್ರಕೋಶವಂತೆ. ಸಣ್ಣ ಹರಳುಗಳು ಸೇರಿಕೊಂಡು ದಾರಿ ಮುಚ್ಚಿವೆ; ಗಂಡುಬೆಕ್ಕುಗಳ ದಾರಿ ಮೊದಲೇ ಕಿರಿದು.

"ಹರಳೆಣ್ಣೆ ಕುಡಿಸಿದ್ವಿ," ಅಂದಳು ನಾಗರತ್ನ, ಎಲ್ಲವನ್ನೂ ಹೇಳಿಬಿಡುವುದು ಒಳ್ಳೆಯದೆಂದು.

"ಆ ದಾರಿಗೂ ಈ ದಾರಿಗೂ ಸಂಬಂಧ ಇಲ್ಲ ಆಂಟಿ. ಇನ್ನೊಂದ್ ದಿನ ತಡ ಮಾಡಿದ್ರೆ ಕಷ್ಟ ಇತ್ತು. ಈಗ ಮಂಪರು ಕೊಟ್ಟು ಟ್ಯೂಬ್ ಹಾಕ್ತೀನಿ. ಉಳೀಬಹುದು."

ಉಳಿಯುತ್ತೆ ಅನ್ನಲಿಲ್ಲ. ಆ ಒಂದು ಮಾತಿನ ವ್ಯತ್ಯಾಸ ಹೊತ್ತುಕೊಂಡು ನಾವು ಹೊರಗೆ ಬಂದು ಕೂತೆವು. ಶಾಹೀನ ಹೋಗಿಬಿಟ್ಟಿದ್ದರು. ಬೆಂಚಿನ ಮೇಲೆ ನಮಗೆಂದು ಒಂದು ಹಳೆಯ ಟವೆಲನ್ನು ಮಡಿಸಿ ಇಟ್ಟಿದ್ದರು, ಕ್ರೇಟಿನ ತಳಕ್ಕೆ ಹಾಸಲು.

ಸಂಜೆ ಒಳಗೆ ಕರೆದರು. ಪಂಜರದಲ್ಲಿ ಚೇರ್ಮನ್ನರು ಮಲಗಿದ್ದರು. ಮುಂಗಾಲಿಗೆ ಡ್ರಿಪ್. ಹಿಂದಿನಿಂದ ಒಂದು ತೆಳ್ಳನೆಯ ನಳಿಗೆ ಹೊರಟು ಪಕ್ಕದ ಚೀಲಕ್ಕೆ ಸೇರಿತ್ತು. ಚೀಲದಲ್ಲಿ ಕೆಂಪು ಬೆರೆತ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪನ ಮಂಚದ ಪಕ್ಕದಲ್ಲಿದ್ದದ್ದೇ, ಆದರೆ ಗೊಂಬೆಯಾಟಕ್ಕೆಂದು ಮಾಡಿದಷ್ಟು ಚಿಕ್ಕದು. ಮನೆಗೆ ಫೋನ್ ಮಾಡಿದೆ. ಅವ್ವ ಹಲೋ ಅನ್ನಲಿಲ್ಲ.

"ಬಂತಾ?"

"ಬಂತವ್ವ."

ಕೆಲವು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ನೆಕ್ಕಿಕೊಳ್ಳದಂತೆ ಕುತ್ತಿಗೆಗೆ ಲಾಟೀನಿನ ಬುರುಡೆಯಂಥ ಪ್ಲಾಸ್ಟಿಕ್ ಪಟ್ಟಿ ಹಾಕಿಕೊಂಡು, ಸೋತ ಅಭ್ಯರ್ಥಿಯ ಗಾಂಭೀರ್ಯದಿಂದ ಚೇರ್ಮನ್ನರು ಮನೆಗೆ ಮರಳಿದರು. ಜೊತೆಗೆ ಕಟ್ಟಪ್ಪಣೆಗಳು ಬಂದವು. ಡಾಕ್ಟರು ಬರೆದುಕೊಟ್ಟ ಆಹಾರ ಬಿಟ್ಟು ಬೇರೇನೂ ಕೂಡದು. ನೀರು ಹೆಚ್ಚು ಕುಡಿಯಬೇಕು. ಗಲಾಟೆ, ಗಾಬರಿ ಆಗಬಾರದು. ಒಂದು ಸಲ ಕಟ್ಟಿಕೊಂಡದ್ದು ಮತ್ತೆ ಕಟ್ಟಬಹುದು. ಮತ್ತೆ ಕಟ್ಟಿದರೆ ಕಿಡ್ನಿ ತಡೆಯುತ್ತದೆ ಎಂದು ಹೇಳಲಾಗದು.

ಅಲ್ಲಿಂದ ಶುರುವಾದದ್ದು ಬರೀ ದಣಿವು. ರೋಗ ಬಂದಾಗ ಓಡುವುದಕ್ಕೆ ಎಲ್ಲಿಂದಲೋ ಶಕ್ತಿ ಬರುತ್ತದೆ. ರೋಗ ಹೋದ ಮೇಲೆ ಅದು ಮತ್ತೆ ಬಾರದಂತೆ ಕಾಯುತ್ತಾರಲ್ಲ, ಅದಕ್ಕೆ ಮಾತ್ರ ಯಾರೂ ಶಕ್ತಿ ಕೊಡುವುದಿಲ್ಲ. ಮೂಲೆ ಮೂಲೆಗೆ ನೀರಿನ ಬಟ್ಟಲಿಟ್ಟೆವು. ನಾನೇ ನೋಡದೆ ಎಲ್ಲದರಲ್ಲೂ ಸರದಿಯ ಮೇಲೆ ಕಾಲಿಟ್ಟೆ. ಮಾತ್ರೆ ನುಂಗಿಸಲು ನಾಗರತ್ನ ತಲೆ ಹಿಡಿದರೆ ನಾನು ದವಡೆ ತೆರೆಯಬೇಕು. ನುಂಗಿದಂತೆ ನಟಿಸಿ, ನಾವು ಕೈ ತೊಳೆದು ಬಂದ ಮೇಲೆ ದಿವಾನದ ಕೆಳಗೆ ಉಗುಳುವ ವಿದ್ಯೆಯನ್ನು ಅದು ಬೇಗ ಕಲಿಯಿತು. ಒಂದು ಟಬ್ಬಿಗೆ ಮರಳು ತುಂಬಿ ಮನೆಯೊಳಗೇ ವ್ಯವಸ್ಥೆ ಮಾಡಿದೆವು. ಅದರಲ್ಲಿ ಒದ್ದೆ ಉಂಡೆ ಎಷ್ಟಿದೆ ಎಂದು ಕೆದಕಿ ನೋಡುವುದು ನನ್ನ ನಿವೃತ್ತ ಜೀವನದ ಉದ್ಯೋಗವಾಯಿತು. ಬಾಡಿಗೆಯವರು ಮೆಟ್ಟಿಲಲ್ಲಿ ಸಿಕ್ಕರೆ ಮೊದಲೆಲ್ಲ "ಊಟ ಆಯ್ತಾ ಸಾರ್" ಅನ್ನುತ್ತಿದ್ದವರು ಈಗ "ಆಯ್ತಾ ಸಾರ್ ಅದ್ರದ್ದು?" ಅನ್ನತೊಡಗಿದರು. ನಾನು ನಿಂತು ವಿವರವಾಗಿ ಹೇಳುತ್ತಿದ್ದೆ. ಅವರು ಕೇಳುತ್ತಿದ್ದರು. ಒಳ್ಳೆಯ ಜನ.

ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು.

ನಮ್ಮ ಕಡೆಯವರಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಬಾಳೆಲೆಯ ಮೇಲೆ ಬರಬೇಕು. ಮುದ್ದೆ, ಮಟನ್ ಸಾರು, ವಡೆ, ಬೀಡಿ ಕಟ್ಟು, ಒಂದಿಷ್ಟು ಬ್ರಾಂದಿ. ಎಲ್ಲ ಬಡಿಸಿ, ಧೂಪ ಹಾಕಿ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂರುತ್ತೇವೆ. ಹಿರಿಯರು ಬಂದು ತಿಂದು ಹೋಗಲು ಆ ಹೊತ್ತು. ನಮ್ಮ ಮನೆಯ ಎಲೆಯ ಮೇಲೆ ಇನ್ನೊಂದು ವಸ್ತು ಮೊಟ್ಟಮೊದಲು ಬೀಳಬೇಕು, ಅದು ಹುರಿದ ಒಣಮೀನು. ಅಪ್ಪನಿಗೆ ಅದೆಂದರೆ ಪ್ರಾಣ. ಕೊನೆಯ ವರ್ಷಗಳಲ್ಲಿ ಡಾಕ್ಟರು ಉಪ್ಪು ಮುಟ್ಟಬಾರದು ಎಂದಿದ್ದರು. ಅವ್ವ ಕಣ್ಣಲ್ಲಿ ಕಣ್ಣಿಟ್ಟು ಕಾದು ಒಂದು ಚೂರೂ ಕೊಟ್ಟಿರಲಿಲ್ಲ. ಅಪ್ಪ ಹೋದ ಮೇಲೆ ಪ್ರತಿ ವರ್ಷ ಅವಳೇ ಒಲೆಯ ಮುಂದೆ ಕೂತು ಹುರಿಯುತ್ತಾಳೆ. ಪ್ರತಿ ವರ್ಷ ಬಾಗಿಲು ತೆಗೆದಾಗ ಎಲೆ ಇಟ್ಟದ್ದು ಇಟ್ಟ ಹಾಗೆಯೇ ಇರುತ್ತದೆ.

ಈ ಸಲ ಬಾಗಿಲು ತೆಗೆದಾಗ ಎಲೆಯ ಮೇಲಿನ ಮೀನು ಇರಲಿಲ್ಲ. ತಲೆಗಳು ಮಾತ್ರ ಉಳಿದಿದ್ದವು.

ಮನೆ ತುಂಬ ನೆಂಟರಿದ್ದರು. ಚಿಕ್ಕಬಾಣಾವರದಿಂದ ನನ್ನ ತಂಗಿಯ ಸಂಸಾರ, ಅಪ್ಪನ ತಮ್ಮನ ಮಕ್ಕಳು, ಎಲ್ಲ ಸೇರಿ ದೊಡ್ಡ ಸಂತೆ. ಎಲ್ಲರೂ ಬಾಗಿಲಲ್ಲಿ ನಿಂತು ಎಲೆ ನೋಡುತ್ತಿದ್ದೆವು. ಅವ್ವನ ಮುಖದಲ್ಲಿ ನಾನು ಬಹಳ ದಿನದಿಂದ ನೋಡದೇ ಇದ್ದ ಒಂದು ಕಳೆ ಬಂತು.

"ಬಂದಿದ್ರು ಕಣ್ಲಾ ನಿಮ್ಮಪ್ಪ," ಅಂದಳು. "ತಿಂದವ್ರೆ."

ಆ ಹೊತ್ತಿಗೆ ಸರಿಯಾಗಿ ಅಕ್ಕಿ ಮೂಟೆಯ ಹಿಂದಿನಿಂದ ಚೇರ್ಮನ್ನರು ಹೊರಗೆ ಬಂದರು. ನೆಂಟರ ಗದ್ದಲಕ್ಕೆ ಹೆದರಿ ಬೆಳಗ್ಗೆಯೇ ಅಲ್ಲಿ ಅಡಗಿದ್ದರೆಂದು ತೋರುತ್ತದೆ. ಮೀಸೆ ನೆಕ್ಕಿಕೊಂಡರು. ನಮ್ಮೆಲ್ಲರ ಕಾಲುಗಳ ನಡುವೆ, ಯಾರ ಮುಖವನ್ನೂ ನೋಡದೆ, ಸಭೆ ಮುಗಿಸಿದವರ ಹಾಗೆ ನಡೆದುಹೋದರು. ಅಷ್ಟು ಜನರಲ್ಲಿ ಒಬ್ಬರೂ ಬೆಕ್ಕನ್ನು ನೋಡಲಿಲ್ಲ. ನೋಡದೇ ಇರಲು ಅಷ್ಟು ಜನ ಒಟ್ಟಿಗೆ ಅಷ್ಟು ಶ್ರಮಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಂಗಿ ಕೈ ಮುಗಿದಳು. ನಾವೂ ಮುಗಿದೆವು.

ಎರಡು ದಿನವಾಗಿರಬೇಕು, ಟಬ್ಬಿನ ಮರಳು ಒಣಗಿಯೇ ಇತ್ತು. ಬಚ್ಚಲಿಂದ ಮತ್ತೆ ಅದೇ ರಾಗ.

ಈ ಸಲ ಚರ್ಚೆ ಇರಲಿಲ್ಲ. ಕ್ರೇಟು ಕಟ್ಟುವಷ್ಟರಲ್ಲಿ ಅವ್ವ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. "ನೀನ್ಯಾಕವ್ವ, ಮಂಡಿ ನೋವು," ಅಂದರೆ, "ಮಂಡೀಲಿ ಕೂರಲ್ಲ ಕಣೋ, ಆಟೋದಾಗೆ ಕೂರ್ತೀನಿ," ಅಂದಳು. ದಾರಿಯುದ್ದಕ್ಕೂ ಕ್ರೇಟನ್ನು ಮಡಿಲಲ್ಲಿ ಇಟ್ಟುಕೊಂಡು, ಕಿಂಡಿಯಲ್ಲಿ ಒಂದು ಬೆರಳು ತೂರಿಸಿ ಕೂತಿದ್ದಳು. ಮೊದಲ ಸಲದಂತೆ ಬೆಕ್ಕು ಕೂಗುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯ.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ, ಹುಬ್ಬು ಗಂಟಿಕ್ಕಿದರು. ಸೂಜಿ ಹಾಕಿ ರಕ್ತ ತೆಗೆದರು. "ಡಯಟ್ ಫುಡ್ ಬಿಟ್ಟು ಬೇರೆ ಏನಾದ್ರೂ ತಿಂದಿದ್ಯಾ?"

ನಾನು ಗೋಡೆಯ ಮೇಲಿನ ನಾಯಿ ತಳಿಗಳ ಪಟವನ್ನು ಆಸಕ್ತಿಯಿಂದ ನೋಡಿದೆ. ನಾಗರತ್ನ ಸೆರಗು ಸರಿಮಾಡಿಕೊಂಡಳು. ಹೇಳಿದರೆ ಅಪ್ಪ ಬಂದರೆಂಬ ಅವ್ವನ ಆ ಸಂಜೆಯ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ಬೆಕ್ಕು ಹೋಗುತ್ತದೆ. ಲೆಕ್ಕ ಇಷ್ಟು ಸರಳವಾಗಿದ್ದರೂ ಹೇಳಲು ನನಗೆ ಬಾಯಿ ಬರಲಿಲ್ಲ.

"ಒಣಮೀನು ತಿಂದೈತೆ ಕಣವ್ವ," ಅಂದಳು ಅವ್ವ. "ಎಲೆ ಮ್ಯಾಗಿದ್ದಿದ್ದ ಅಷ್ಟೂ. ನಮ್ಮ್ ಯಜಮಾನ್ರ ಎಡೇಗೆ ಇಟ್ಟಿದ್ದೆ."

ಡಾಕ್ಟರಮ್ಮನಿಗೆ ಅರ್ಥವಾಯಿತು. ಅವರ ಮನೆಯಲ್ಲೂ ಎಡೆ ಇಡುತ್ತಿದ್ದರೋ ಏನೋ. ಅವರ ದನಿ ತಗ್ಗಿತು. "ಮೀನೊಂದೇ ಕಾರಣ ಅಂತ ಹೇಳೋಕಾಗಲ್ಲ ಅಜ್ಜಿ. ಮನೇಲಿ ತುಂಬಾ ಜನ ಬಂದಿದ್ರಾ? ಅದು ಹೆದ್ರಿ ಅಡಗ್ಕೊಂಡಿತ್ತಾ? ಹಂಗಿದ್ದಾಗ ನೀರೂ ಕುಡಿಯಲ್ಲ, ಯೂರಿನ್ನೂ ಮಾಡಲ್ಲ. ಏನೂ ಇಲ್ದೇನೂ ಮತ್ತೆ ಬ್ಲಾಕ್ ಆಗುತ್ತೆ ಕೆಲವಕ್ಕೆ."

"ಯೋಳ್ಬೌದು ಬುಡವ್ವ," ಅಂದಳು ಅವ್ವ. "ಇಂಗೇ ಸಮಾಧಾನ ಯೋಳೋರು ನಮ್ಮ್ ಯಜಮಾನ್ರ ಕಾಲ್ದಾಗೂ ಇದ್ರು."

ಟ್ಯೂಬ್ ಹಾಕಲು ಒಳಗೆ ಒಯ್ದರು. ನಾವು ಅದೇ ಬೆಂಚಿನ ಮೇಲೆ ಕೂತೆವು. ಎದುರಿಗೆ ಒಬ್ಬಾತ ದೊಡ್ಡ ನಾಯಿಯೊಂದನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ.

"ನೀನ್ ಯಾಕ್ಲಾ ಬಾಯ್ ಬುಡ್ಲಿಲ್ಲ?" ಅಂದಳು ಅವ್ವ.

"ನಿಂಗೆ ಬೇಜಾರಾಗುತ್ತೆ ಅಂತ."

"ನಂಗೆ ಕಣ್ ಕಾಣಲ್ಲ ಅನ್ಕಂಡ್ಯಾ? ಬೆಕ್ಕು ಬಾಯ್ ನೆಕ್ಕಂಡ್ ಬಂದಿದ್ದು ನೋಡ್ದೆ. ಅದ್ ಬುಡು. ತಲೆ ಬುಟ್ಟಿತ್ತಲ್ಲ ಎಲೇಲಿ. ನಿಮ್ಮಪ್ಪ ಮೀನಿನ ತಲೆ ಬುಡೋರೇನ್ಲಾ? ಮೊದ್ಲು ತಲೇನೇ ತಿಂತಿದ್ದಿದ್ದು." ಮಂಡಿ ನೀವಿಕೊಂಡಳು. "ಬಂದಿದ್ರು ಅಂತ ಒಂದ್ ಸಂಜೆ ಅನ್ಕಳಣಾ ಅನ್ಕಂಡೆ. ನೀವೂ ಎಲ್ರೂ ಕೈ ಮುಗುದ್ರಿ. ಸಂತೋಷ ಆಯ್ತು. ಅದ್ಕೆ ಈ ಜೀವ ಯಾಕೆ ಓಗ್ಬೇಕು? ಅವತ್ತೇ ನಾನು ಯೋಳ್ಬೇಕಿತ್ತು, ಬೆಕ್ಕು ತಿಂತು ನೋಡ್ರಪ್ಪ ಅಂತ."

"ನೀನ್ ಹೇಳಿದ್ರೂ ಏನ್ ಮಾಡ್ತಿದ್ವಿ ಅತ್ತೆ, ತಿಂದಾಗಿತ್ತಲ್ಲ," ಅಂದಳು ನಾಗರತ್ನ. ಗಾಬರಿಯಲ್ಲಿ ಅತ್ತೆಗೆ 'ನೀನು' ಅಂದುಬಿಟ್ಟಿದ್ದಳು. ಅವ್ವ ಅದನ್ನು ಗಮನಿಸಿದಳು, ಬಿಟ್ಟಳು, ಸೊಸೆಯ ಕೈಯಿಂದ ನೀರಿನ ಬಾಟಲು ತೆಗೆದುಕೊಂಡು ಕುಡಿದಳು.

ಡಾಕ್ಟರಮ್ಮ ಹೊರಗೆ ಬಂದರು. ದಾರಿ ಬಿಡಿಸಿದ್ದಾಯಿತು, ಆದರೆ ಒಳಗೆ ಬಹಳ ಊತ. ಟ್ಯೂಬ್ ತೆಗೆದರೆ ಮತ್ತೆ ಮುಚ್ಚಿಕೊಳ್ಳುವುದೇ ಹೆಚ್ಚು. ಕಿಡ್ನಿ ಸೋತು ರಕ್ತದಲ್ಲಿ ಏರಿದ ವಿಷ ಇಳಿದ ಮೇಲೆ ಒಂದು ಆಪರೇಷನ್ ಮಾಡಿಬಿಡುವುದು ಒಳ್ಳೆಯದು, ಮುಂದೆ ಇರುವ ಕಿರಿದಾದ ಭಾಗವನ್ನು ತೆಗೆದು, ಹಿಂದೆ ಅಗಲವಾಗಿರುವ ಕಡೆಯೇ ಬಾಯಿ ಮಾಡುವುದು.

"ಅಂದ್ರೆ?" ಅಂದಳು ಅವ್ವ.

"ಅಂದ್ರೆ ಅಜ್ಜಿ, ಆಮೇಲೆ ಹೆಣ್ಣುಬೆಕ್ಕಿನ ಥರ ಹೋಗುತ್ತೆ. ದಾರಿ ಅಗಲ ಮಾಡ್ತೀವಿ."

"ರೋಡ್ ಅಗಲ ಮಾಡ್ತಾರಲ್ಲ, ಅಂಗಾ?"

"ಹೆಚ್ಚು ಕಮ್ಮಿ ಹಂಗೇ."

ಅವ್ವನಿಗೆ ಈ ವಿಷಯದಲ್ಲಿ ಅನುಭವವಿದೆ. ರಸ್ತೆ ಅಗಲ ಮಾಡುವಾಗ ನಮ್ಮ ಮನೆಯ ಮುಂದಿನ ಜಗಲಿ, ಹಳೆಯ ಚೇರ್ಮನ್ನರು ಕೂರುತ್ತಿದ್ದ ಅದೇ ಜಗಲಿ, ಹೋಗಿತ್ತು. "ಮುಂದ್ಗಡೆದು ಓಯ್ತದೆ ಅನ್ನು," ಅಂದಳು. "ಓಗ್ಲಿ. ಅದ್ನಿಟ್ಕಂಡು ಅದೇನ್ ಮಾಡ್ಬೇಕಾಗೈತೆ. ಮೊದ್ಲೇ ಅರ್ಧ ಕಿತ್ಕಂಡವ್ರೆ. ಜೀವ ಉಳಿತದಾ?"

"ಉಳಿಯೋ ಚಾನ್ಸ್ ಚೆನ್ನಾಗಿದೆ."

ಕಾಗದದ ಮೇಲೆ ಸಹಿ ಮಾಡಿದವನು ನಾನು. ಒಪ್ಪಿಗೆ ಕೊಟ್ಟವಳು ಅವ್ವ.

ಆಪರೇಷನ್ನಿನ ದಿನದ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಕೂತಿದ್ದೆವು. ಎದ್ದು ಹೊರಗೆ ಹೋಗಿ ಕಾಫಿ ಕುಡಿದು ಬಂದು ಮತ್ತೆ ಕೂತೆವು. ಕಾಯುವವರ ಆಯಾಸಕ್ಕೆ ಯಾವ ಶಾಸ್ತ್ರದಲ್ಲೂ ಹೆಸರಿಲ್ಲ. ಏನೂ ಮಾಡಿರುವುದಿಲ್ಲ, ಮೂಟೆ ಹೊತ್ತಷ್ಟು ಮೈ ನೋಯುತ್ತದೆ. ಶಾಹೀನರ ನಂಬರು ನಾಗರತ್ನಳ ಹತ್ತಿರ ಇತ್ತು, ಯಾವಾಗ ತೆಗೆದುಕೊಂಡಿದ್ದಳೋ. ಅವರಿಗೆ ಸುದ್ದಿ ಹೋಗಿತ್ತು. "ನವಾಬಂಗೂ ಅದೇ ಆಪರೇಷನ್ ಆಗಿದೆ, ಈಗ ಗುಂಡಗಿದಾನೆ, ಹೆದರಬೇಡಿ" ಎಂದು ಧ್ವನಿ ಸಂದೇಶ ಕಳಿಸಿದ್ದರು. ನಾಗರತ್ನ ಅದನ್ನು ಫೋನಿನಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದಳು. ಕೊನೆಗೆ ಎದುರು ಕೂತವರಿಗೂ ಬಾಯಿಪಾಠವಾಯಿತು.

ಮನೆಗೆ ಬಂದ ಮೇಲೆ ಗಾಯ ಮಾಗುವವರೆಗೆ ಮರಳು ಕೂಡದು, ಕಾಗದದ ಚೂರು ಹಾಕಿ ಎಂದಿದ್ದರು. ನಾನು ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ, ಆಮೇಲೆ ಕೂತು ಸಣ್ಣಗೆ ಹರಿದು ಟಬ್ಬು ತುಂಬಿಸುತ್ತಿದ್ದೆ. ಸಂಪಾದಕೀಯ, ರಾಶಿಭವಿಷ್ಯ, ಮೆಟ್ರೋ ಕಾಮಗಾರಿಯ ಹೊಸ ಗಡುವು ಎಲ್ಲದರ ಮೇಲೂ ಚೇರ್ಮನ್ನರು ಪಕ್ಷಪಾತವಿಲ್ಲದೆ ತಮ್ಮ ಅಭಿಪ್ರಾಯ ದಾಖಲಿಸಿದರು. ಮೊದಲ ಸಲ ಕಾಗದ ಒದ್ದೆಯಾದದ್ದು ನಾನು ಅಂಗಡಿಗೆ ಹೋಗಿದ್ದಾಗ. ಹಿಂತಿರುಗಿದರೆ ಮೇಲಿನ ಬಾಡಿಗೆಯವರು ಬಾಲ್ಕನಿಯಿಂದಲೇ ಕೂಗಿದರು, "ಆಯ್ತು ಸಾರ್, ಆಯ್ತು!" ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಮಗು ಹುಟ್ಟಿತು ಎಂದುಕೊಂಡಿರಬೇಕು.

ಈಗಲೂ ಆಹಾರ ಅದೇ, ನೀರಿನ ಬಟ್ಟಲುಗಳು ಮೂಲೆ ಮೂಲೆಯಲ್ಲಿವೆ. ನೆಂಟರು ಬರುತ್ತಾರೆಂದರೆ ಬೆಕ್ಕಿಗೆ ಮೊದಲೇ ಒಂದು ಕೋಣೆ ಬಿಟ್ಟುಕೊಡುತ್ತೇವೆ. ಕಾಯುವುದು ಕಡಿಮೆಯಾಗಿದೆ, ನಿಂತಿಲ್ಲ. ಹಗಲು ಎಲ್ಲೋ ಬೆಕ್ಕು ಕೂಗಿದರೆ ಮೂವರೂ ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿ ಕೊಡುತ್ತೇವೆ. ಬೀದಿಯ ಬೇರೆ ಬೆಕ್ಕು ಎಂದು ತಿಳಿದ ಮೇಲೆ ಮತ್ತೆ ಕೆಲಸ ಮುಂದುವರಿಸುತ್ತೇವೆ.

ಈ ವರ್ಷದ ಮಹಾಲಯ ಅಮಾವಾಸ್ಯೆಗೆ ಅವ್ವ ಎಂದಿನಂತೆ ಒಣಮೀನು ಹುರಿದು ಎಲೆಗೆ ಹಾಕಿದಳು. ಕೋಣೆಯ ಮೂಲೆ, ಅಕ್ಕಿ ಮೂಟೆಯ ಹಿಂದೆ, ಎಲ್ಲ ಕಡೆ ಬಗ್ಗಿ ನೋಡಿದೆ. ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಚೇರ್ಮನ್ನರನ್ನು ಅವ್ವ ತನ್ನ ಮಡಿಲಲ್ಲೇ ಹಿಡಿದುಕೊಂಡಿದ್ದಳು. ಮೀನಿನ ವಾಸನೆಗೆ ಅದು ಒದ್ದಾಡಿತು, ಬೈಯಿತು, ಅವಳ ಸೀರೆಗೆ ಉಗುರು ಹಾಕಿತು. ಅವಳು ಬಿಡಲಿಲ್ಲ. "ಸುಮ್ಕಿರು. ನಿಂದಲ್ಲ ಅದು," ಅಂದಳು.

ಬಾಗಿಲು ತೆಗೆದೆ. ಅವ್ವ ಕೂತಲ್ಲಿಂದಲೇ ಕತ್ತು ಚಾಚಿ ಎಲೆಯ ಕಡೆ ನೋಡಿದಳು. ಆಮೇಲೆ ಕೈ ಸಡಿಲಿಸಿದಳು. ಬೆಕ್ಕು ಮೈ ಕೊಡವಿಕೊಂಡು ಇಳಿದು, ಟಬ್ಬಿನ ಕಡೆ ನಡೆಯಿತು. ಮರಳು ಕೆರೆಯುವ ಸದ್ದು ಕೇಳಿತು, ಆಮೇಲೆ ನಿಂತಿತು. ನಾನು ಹೋಗಿ ಬಗ್ಗಿ ನೋಡಿದೆ.

"ಬಂತಾ?" ಅಂದಳು ಅವ್ವ.

"ಬಂತು," ಅಂದೆ.

ಎಲೆಯ ಮೇಲೆ ಮೀನು ಇಟ್ಟದ್ದು ಇಟ್ಟ ಹಾಗೆಯೇ ಇತ್ತು. ಆಪರೇಷನ್ ಆದ ಮೇಲೆ ಬೆಕ್ಕಿಗೆ ಮತ್ತೆ ಮೂತ್ರ ಕಟ್ಟಿಲ್ಲ.